ಯಂತ್ರವೂ ಭಾವವೂ

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಅಧ್ಯಾಪಕಿ ರೋಸಲಿಂಡ್ ಪಿಕಾರ್ಡ್ ಅವರು ೧೯೯೭ರಲ್ಲಿ ‘ಅಫೆಕ್ಟಿವ್ ಕಂಪ್ಯೂಟಿಂಗ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಹೆಸರನ್ನು ಕನ್ನಡಿಸುವುದಾದರೆ ‘ಭಾವಗಣನೆ’ ಎನ್ನಬಹುದು. ಮನುಷ್ಯರೊಡನೆ ವ್ಯವಹರಿಸುವ ಗಣಕಯಂತ್ರವು ಅವರ ಭಾವವನ್ನು ಗುರುತಿಸಬೇಕು, ತಾನೂ ಭಾವವನ್ನು ತೋರಬೇಕು, ಸಾಧ್ಯವಾದರೆ ಭಾವಕ್ಕೆ ಸಮಾನವಾದುದೊಂದು ಅದರ ಒಳಗೂ ಇರಬೇಕು ಎಂಬ ಮೂರು ಉದ್ದೇಶಗಳನ್ನು ಈ ಗ್ರಂಥ ವಿವರಿಸುತ್ತದೆ. ಇಂದು ಒಂದು ಶಾಸ್ತ್ರಶಾಖೆಗೇ ಆ ಹೆಸರು ನಿಂತಿದೆ. ಇದು ಎಂಜಿನಿಯರುಗಳಿಗೆ ಸೇರಿದ ವಿಷಯ, ಸಾಹಿತ್ಯಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ಆದರೆ ಭಾವವೆಂದರೇನು, ಅದು ಹೊರಗೆ ತೋರುವ ಬಗೆ ಯಾವುದು, ಹಾಗೆ ತೋರಿದುದನ್ನು ಕಂಡವನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಭರತಮುನಿಯಿಂದ ಮೊದಲ್ಗೊಂಡು ಜಗನ್ನಾಥ ಪಂಡಿತನ ಪರ್ಯಂತ ಭಾರತೀಯ ಆಲಂಕಾರಿಕರು ಶತಮಾನಗಳ ಕಾಲ ಮಥಿಸಿದ್ದಾರೆ. ಆ ರಸಮೀಮಾಂಸೆಯ ಒರೆಗಲ್ಲಿನ ಮೇಲೆ ಈ ಹೊಸ ಶಾಸ್ತ್ರವನ್ನು ಉಜ್ಜಿ ನೋಡುವುದು ಅನುಚಿತವಾಗಲಾರದು.

ಗ್ರಂಥಕರ್ತ್ರಿಯ ಪಕ್ಷವನ್ನು ಮೊದಲು ನ್ಯಾಯವಾಗಿ ಹೇಳಬೇಕು. ಭಾವವು ಬುದ್ಧಿಗೆ ಶತ್ರು, ಅದನ್ನು ಅಡಗಿಸಿದಷ್ಟೂ ವಿಚಾರ ಶುದ್ಧವಾಗುತ್ತದೆ ಎಂಬ ಮತ ಪಶ್ಚಿಮದಲ್ಲಿ ಬಹುಕಾಲ ನಡೆದುಬಂದಿತ್ತು. ಆಂಟೋನಿಯೋ ಡಮಾಸಿಯೋ ಎಂಬ ನರರೋಗತಜ್ಞರು ೧೯೯೪ರ ತಮ್ಮ ಗ್ರಂಥದಲ್ಲಿ ಇದನ್ನು ಅಲ್ಲಗಳೆದರು. ಮಿದುಳಿನ ಮುಂಭಾಗಕ್ಕೆ ಪೆಟ್ಟುಬಿದ್ದ ಕೆಲವು ರೋಗಿಗಳಲ್ಲಿ ಲೆಕ್ಕ, ನೆನಪು, ಮಾತು ಎಲ್ಲವೂ ಸರಿಯಾಗಿದ್ದುವು. ಭಾವ ಮಾತ್ರ ಬತ್ತಿತ್ತು. ಅಂಥವರು ಬುದ್ಧಿಪರೀಕ್ಷೆಯಲ್ಲಿ ತೇರ್ಗಡೆಯಾದರೂ ನಿತ್ಯಜೀವನದ ಸಣ್ಣ ನಿರ್ಧಾರಗಳಲ್ಲಿ ಎಡವುತ್ತಿದ್ದರು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದನ್ನು ತೂಗಿ ಹೇಳುವ ಒಳದನಿ ಅವರಲ್ಲಿ ಉಡುಗಿಹೋಗಿತ್ತು. ಮನುಷ್ಯನ ವಿಚಾರಕ್ಕೇ ಭಾವ ಬೇಕಾದ ಮೇಲೆ ವಿಚಾರಮಾಡುವ ಯಂತ್ರಕ್ಕೆ ಅದು ಬೇಡವೆ ಎಂಬುದು ಪಿಕಾರ್ಡ್ ಅವರ ಪ್ರಶ್ನೆ. ಪ್ರಶ್ನೆ ಗಂಭೀರವಾದುದು. ಇದರಿಂದ ಒದಗಬಹುದಾದ ಕೇಡುಗಳಿಗಾಗಿ ಅವರು ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವುದರಿಂದ ಗ್ರಂಥ ಅವಿಚಾರದ್ದೆಂದು ದೂರುವಂತೆಯೂ ಇಲ್ಲ. ಆದರೆ ಸದುದ್ದೇಶವೊಂದರಿಂದಲೇ ಸಿದ್ಧಾಂತ ಗಟ್ಟಿಯಾಗುವುದಿಲ್ಲ.

ಲೋಕದಲ್ಲಿ ಕಾರಣ, ಕಾರ್ಯ, ಸಹಕಾರಿ ಎನ್ನಿಸಿಕೊಳ್ಳುವುವೇ ಕಾವ್ಯನಾಟಕಗಳಲ್ಲಿ ಕ್ರಮವಾಗಿ ವಿಭಾವ, ಅನುಭಾವ, ವ್ಯಭಿಚಾರಿಭಾವಗಳೆಂಬ ಹೆಸರನ್ನು ಪಡೆಯುತ್ತವೆ. ಮಗನನ್ನು ಕಳೆದುಕೊಂಡ ತಾಯಿಯಲ್ಲಿ ಮಗನ ಮರಣ ವಿಭಾವ. ಕಣ್ಣೀರು, ಕುಸಿದ ದನಿ ಅನುಭಾವ. ನಡುನಡುವೆ ಬಂದುಹೋಗುವ ನೆನಪು, ಬಳಲಿಕೆ, ಜುಗುಪ್ಸೆಯಿಲ್ಲದ ವೈರಾಗ್ಯ ಮೊದಲಾದುವು ವ್ಯಭಿಚಾರಿಗಳು. ಇವೆಲ್ಲಕ್ಕೂ ದಾರದಂತಿರುವ ಶೋಕ ಸ್ಥಾಯಿ. ಭರತನ ಎಣಿಕೆಯಲ್ಲಿ ಸ್ಥಾಯಿಗಳು ೮, ವ್ಯಭಿಚಾರಿಗಳು ೩೩, ಸಾತ್ತ್ವಿಕಗಳು ೮. ಒಟ್ಟು ೪೯ ಭಾವಗಳು. ಮುಖ್ಯವಾದುದು ಎಣಿಕೆಯಲ್ಲ, ಸಂಯೋಗ. ಬಿಡಿಬಿಡಿಯಾದ ಯಾವ ಅಂಗವೂ ತಾನೊಂದೇ ನಿಂತು ಭಾವವನ್ನು ಹೇಳಲಾರದು. ಹೊಸ ಶಾಸ್ತ್ರದ ಚರಿತ್ರೆಯನ್ನು ನೋಡಿದರೆ ಅದರ ಒಂದು ಪಂಥ ಅನುಭಾವವನ್ನು ಹಿಡಿದು ಹೊರಟಿದೆ, ಮತ್ತೊಂದು ವಿಭಾವವನ್ನು. ಇವೆರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಅನುಭಾವಪಂಥದ ಮೂಲವನ್ನು ಡಾರ್ವಿನ್ ೧೮೭೨ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಟನೆಯನ್ನು ಕುರಿತು ಬರೆದ ಗ್ರಂಥದಲ್ಲಿ ಕಾಣಬಹುದು. ಅಮೆರಿಕದ ಮನೋವಿಜ್ಞಾನಿ ಪಾಲ್ ಎಕ್ಮನ್ ೧೯೬೦ರ ದಶಕದ ಕೊನೆಯಲ್ಲಿ ನ್ಯೂಗಿನಿಯ ಫೋರೆ ಜನರ ನಡುವೆ ಮುಖಚಿತ್ರಗಳನ್ನು ತೋರಿಸಿ ಪರೀಕ್ಷೆ ನಡೆಸಿ, ಸಂತೋಷ, ದುಃಖ, ಕೋಪ, ಭಯ, ಜುಗುಪ್ಸೆ, ವಿಸ್ಮಯ ಎಂಬ ೬ ಭಾವಗಳ ಮುಖಚರ್ಯೆ ಮನುಷ್ಯಮಾತ್ರರಿಗೆಲ್ಲ ಒಂದೇ ಎಂದು ವಾದಿಸಿದರು. ೧೯೭೮ರಲ್ಲಿ ಅವರೂ ವಾಲೆಸ್ ಫ್ರೀಸನ್ ಅವರೂ ಕೂಡಿ ಮುಖದ ಸ್ನಾಯುಗಳ ಒಂದೊಂದು ಚಲನೆಗೂ ಒಂದೊಂದು ಅಂಕೆಯನ್ನು ಕೊಟ್ಟು ಪಟ್ಟಿಮಾಡಿದರು. ಮುಖವನ್ನು ನೋಡಿ ಭಾವವನ್ನು ಹೇಳುತ್ತೇವೆಂಬ ಗಣಕಯಂತ್ರಗಳಿಗೆ ಈ ಪಟ್ಟಿ ದೊಡ್ಡ ಆಸರೆಯಾಯಿತು. ಪಿಕಾರ್ಡ್ ಅವರ ಪ್ರಯೋಗಶಾಲೆಯಲ್ಲಿ ಇದಕ್ಕೆ ಚರ್ಮದ ಬೆವರು, ನಾಡಿಯ ಬಡಿತ, ದನಿಯ ಏರಿಳಿತಗಳ ಅಳತೆಯೂ ಸೇರಿತು.

ಈ ಪಟ್ಟಿಗಳನ್ನು ನೋಡಿದೊಡನೆ ನಾಟ್ಯಶಾಸ್ತ್ರ ಬಲ್ಲವರಿಗೆ ಹಳೆಯ ಪರಿಚಯದ ಮುಖಗಳು ಕಾಣುತ್ತವೆ. ಸ್ವೇದ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು ಇವೆಲ್ಲ ಭರತನ ಸಾತ್ತ್ವಿಕಭಾವಗಳೇ. ಆದರೆ ಇಲ್ಲಿ ಒಂದು ಭೇದವುಂಟು. ಭರತನು ಬರೆದುದು ನಟನಿಗಾಗಿ: ಭಾವವು ತಿಳಿದಿರುವಾಗ ಅದನ್ನು ಯಾವ ಚಿಹ್ನೆಗಳಿಂದ ತೋರಬೇಕು ಎಂಬುದು ಅಲ್ಲಿಯ ವಿಧಿ. ಯಂತ್ರ ನಡೆಯುವುದು ಇದಕ್ಕೆ ವಿಲೋಮವಾಗಿ, ಚಿಹ್ನೆಯಿಂದ ಭಾವಕ್ಕೆ. ಇಳಿದ ದಾರಿಯಲ್ಲಿಯೇ ಏರಬಹುದೆಂದು ಅದರ ನಂಬಿಕೆ. ಭರತನಿಗೆ ಆ ಭ್ರಾಂತಿ ಇರಲಿಲ್ಲ. ಅಶ್ರುವಿಗೆ ಕಾರಣಗಳನ್ನು ಹೇಳುವಾಗ ಅವನು ಶೋಕದೊಡನೆ ಆನಂದವನ್ನೂ, ಕೋಪವನ್ನೂ, ಭಯವನ್ನೂ ಎಣಿಸಿ, ಹೊಗೆ, ಕಣ್ಣಿಗೆ ಹಚ್ಚಿದ ಅಂಜನ, ಆಕಳಿಕೆ, ಎವೆಯಿಕ್ಕದ ನೋಟ, ಚಳಿ, ರೋಗಗಳನ್ನೂ ಸೇರಿಸಿದ್ದಾನೆ. ಒಲೆಯ ಮುಂದೆ ಕುಳಿತವಳ ಕಣ್ಣೀರು ಶೋಕದ್ದೋ ಹೊಗೆಯದೋ ಎಂಬುದು ಕಣ್ಣೀರನ್ನೇ ಎಷ್ಟು ಸೂಕ್ಷ್ಮವಾಗಿ ಅಳೆದರೂ ತಿಳಿಯುವುದಿಲ್ಲ. ಅಡುಗೆಮನೆಯನ್ನೂ ಅವಳ ಸಂಸಾರವನ್ನೂ ಬಲ್ಲವರಿಗೆ ತಿಳಿಯುತ್ತದೆ. ನಗೆಯ ವಿಷಯದಲ್ಲಿಯೂ ಹೀಗೆಯೇ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಭರತನು ೬ ಬಗೆಯ ನಗೆಗಳನ್ನು ವಿಂಗಡಿಸಿದ್ದಾನೆ. ಯಂತ್ರದ ಪಟ್ಟಿಯಲ್ಲಿ ತುಟಿಯ ಕೊನೆ ಮೇಲಕ್ಕೆದ್ದರೆ ಸಂತೋಷ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಾರಾರ್ಹವಾದುದು. ಎಕ್ಮನ್ ಅವರ ೬ನ್ನೂ ಭರತನ ೮ ಸ್ಥಾಯಿಗಳನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಶೋಕ, ಕ್ರೋಧ, ಭಯ, ಜುಗುಪ್ಸೆ, ವಿಸ್ಮಯ ಎರಡರಲ್ಲಿಯೂ ಇವೆ. ಹಾಸವನ್ನು ಸಂತೋಷದೊಡನೆ ಹೇಗೋ ಹೊಂದಿಸಬಹುದು. ಬಿಟ್ಟುಹೋದುವು ಎರಡು: ರತಿ ಮತ್ತು ಉತ್ಸಾಹ. ಮನುಷ್ಯನ ಬಾಳನ್ನು ನಡೆಸುವ ಭಾವಗಳಲ್ಲಿ ಇವೆರಡಕ್ಕಿಂತ ದೊಡ್ಡವು ಯಾವುವು? ಆದರೂ ಅವು ಬಿಟ್ಟುಹೋದುದಕ್ಕೆ ಕಾರಣ ಸ್ಪಷ್ಟವಾಗಿದೆ. ಒಂದು ಕ್ಷಣದ ಛಾಯಾಚಿತ್ರದಲ್ಲಿ ಹಿಡಿಯಬಹುದಾದ ಮುಖ ಅವಕ್ಕಿಲ್ಲ. ಪ್ರೀತಿ ವರುಷಗಟ್ಟಲೆ ಹರಿಯುವುದು. ಅದರೊಳಗೆ ಮುನಿಸು, ಶಂಕೆ, ಚಿಂತೆ, ಹರ್ಷ ಎಲ್ಲವೂ ಬಂದುಹೋಗುವುವು. ಮಗುವನ್ನು ಗದರಿಸುವ ತಂದೆಯ ಮುಖದಲ್ಲಿ ಯಂತ್ರ ಕೋಪವನ್ನು ಕಾಣುವುದು. ಆ ಕೋಪವನ್ನು ಹೊತ್ತಿರುವ ವಾತ್ಸಲ್ಯವನ್ನು ಕಾಣಲಾರದು. ವ್ಯಭಿಚಾರಿಯನ್ನೇ ಸ್ಥಾಯಿಯೆಂದು ಎಣಿಸುವುದು ಈ ಪಂಥದ ಮೂಲದೋಷ.

ಪಶ್ಚಿಮದ ವಿದ್ವಾಂಸರೂ ಇದನ್ನು ಗುರುತಿಸದೆ ಇಲ್ಲ. ೨೦೧೯ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇತರ ನಾಲ್ವರು ವಿಜ್ಞಾನಿಗಳು ಅದುವರೆಗಿನ ಪ್ರಯೋಗಗಳನ್ನೆಲ್ಲ ಸಮೀಕ್ಷಿಸಿ, ಒಂದೇ ಭಾವ ಹಲವು ಮುಖಚರ್ಯೆಗಳಲ್ಲಿ ತೋರುತ್ತದೆ, ಒಂದೇ ಮುಖಚರ್ಯೆ ಹಲವು ಭಾವಗಳಲ್ಲಿ ಬರುತ್ತದೆ, ಆದುದರಿಂದ ಮುಖವೊಂದರಿಂದಲೇ ಭಾವವನ್ನು ನಿಶ್ಚಯಿಸಲಾಗದು ಎಂದು ತೀರ್ಮಾನಿಸಿದರು. ಇದು ಕೇವಲ ಶಾಸ್ತ್ರಚರ್ಚೆಯ ಮಾತಲ್ಲ. ಕೆಲಸ ಬೇಡಿ ಬಂದವರ ಮುಖದ ಚಲನೆಗಳನ್ನು ಯಂತ್ರದಿಂದ ಪರೀಕ್ಷಿಸಿ ಅವರಿಗೆ ಅಂಕ ಕೊಡುವ ಪದ್ಧತಿ ಅಮೆರಿಕದಲ್ಲಿ ಕೆಲಕಾಲ ನಡೆದಿತ್ತು. ಆ ಕೆಲಸದಲ್ಲಿದ್ದ ಹೈರ್‌ವ್ಯೂ ಸಂಸ್ಥೆ ಮುಖಪರೀಕ್ಷೆಯನ್ನು ಕೈಬಿಟ್ಟುದಾಗಿ ೨೦೨೧ರ ಜನವರಿಯಲ್ಲಿ ತಿಳಿಸಿತು. ಮುಖದಿಂದ ಭಾವವನ್ನು ಊಹಿಸುವ ತನ್ನ ಸಾಧನವನ್ನು ಹಿಂದೆಗೆಯುವುದಾಗಿ ಮೈಕ್ರೋಸಾಫ್ಟ್ ಸಂಸ್ಥೆ ೨೦೨೨ರಲ್ಲಿ ಸಾರಿತು. ಅಷ್ಟರೊಳಗೆ ಎಷ್ಟೋ ಜನರ ಜೀವನೋಪಾಯ ಹುಬ್ಬಿನ ಗಂಟಿನ ಮೇಲೆ ನಿಂತಿತ್ತು.

ಇನ್ನು ವಿಭಾವಪಂಥ. ಆಂಡ್ರ್ಯೂ ಆರ್ಟೋನಿ, ಜೆರಾಲ್ಡ್ ಕ್ಲೋರ್, ಆಲನ್ ಕಾಲಿನ್ಸ್ ಎಂಬ ಮೂವರು ೧೯೮೮ರಲ್ಲಿ ಪ್ರಕಟಿಸಿದ ಗ್ರಂಥ ಇದಕ್ಕೆ ಆಧಾರ. ಇವರ ಮತದಲ್ಲಿ ಭಾವವೆಂಬುದು ಸನ್ನಿವೇಶವನ್ನು ಬೆಲೆಕಟ್ಟುವ ಬಗೆ. ನಡೆದ ಘಟನೆ ಬಯಸಿದ್ದೋ ಬಯಸದ್ದೋ, ಮಾಡಿದವನ ನಡತೆ ಮೆಚ್ಚತಕ್ಕದ್ದೋ ನಿಂದಿಸತಕ್ಕದ್ದೋ, ಎದುರಿನ ವಸ್ತು ಹಿತವೋ ಅಹಿತವೋ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋದರೆ ೨೨ ಭಾವಗಳು ದೊರೆಯುತ್ತವೆ. ನಿಯಮಗಳು ಸ್ಪಷ್ಟವಾಗಿರುವುದರಿಂದ ಯಂತ್ರಕ್ಕೆ ಕಲಿಸಲು ಇವು ಬಹಳ ಅನುಕೂಲವಾದುವು. ಹೊಗೆಯ ಕಣ್ಣೀರನ್ನೂ ಶೋಕದ ಕಣ್ಣೀರನ್ನೂ ಬೇರ್ಪಡಿಸುವ ಮಾರ್ಗ ಇಲ್ಲಿದೆ; ಆ ಮಟ್ಟಿಗೆ ಈ ಪಂಥ ಮೊದಲಿನದಕ್ಕಿಂತ ಮೇಲು. ಯಂತ್ರಕ್ಕೆ ಭಾವವಿರುವುದು ಮುಖ್ಯವಲ್ಲ, ಭಾವದ ವಿಷಯದಲ್ಲಿ ತರ್ಕಿಸಬಲ್ಲ ಶಕ್ತಿ ಇದ್ದರೆ ಸಾಕು ಎಂದು ಈ ಗ್ರಂಥಕರ್ತರು ಭಾವಿಸಿದ್ದರು. ಅವರನ್ನು ಅನುಸರಿಸಿದವರಲ್ಲಿ ಈ ವಿವೇಕ ಯಾವಾಗಲೂ ಉಳಿಯಲಿಲ್ಲ.

ವಿಭಾವವನ್ನು ಅಂಕೆಗೆ ಇಳಿಸಿದರೆ ಏನು ದೊರೆಯುತ್ತದೆ ಎಂಬುದಕ್ಕೆ ಇನ್ನೂ ಹಳೆಯ ನಿದರ್ಶನವೊಂದಿದೆ. ಕೆನೆತ್ ಕೋಲ್ಬಿ ಎಂಬ ಮನೋವೈದ್ಯರು ೧೯೭೨ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ‘ಪ್ಯಾರಿ’ ಎಂಬ ಕ್ರಮವಿಧಿಯನ್ನು ರಚಿಸಿದರು. ಅದು ಎಲ್ಲರನ್ನೂ ಶಂಕಿಸುವ ರೋಗಿಯೊಬ್ಬನ ಪಾತ್ರ. ಅದರೊಳಗೆ ಭಯ, ಕೋಪ, ಅವಿಶ್ವಾಸ ಎಂಬ ಮೂರು ಅಂಕೆಗಳು. ಕೇಳಿದ ಪ್ರಶ್ನೆಗೆ ತಕ್ಕಂತೆ ಅವು ಏರುವುವು, ಇಳಿಯುವುವು. ಅವುಗಳಿಗೆ ತಕ್ಕಂತೆ ಉತ್ತರದ ಮೊನಚು ಬದಲಾಗುವುದು. ಟೆಲಿಟೈಪಿನ ಮೂಲಕ ಸಂದರ್ಶನ ನಡೆಸಿದ ಮನೋವೈದ್ಯರಿಗೆ ನಿಜವಾದ ರೋಗಿ ಯಾರು, ಯಂತ್ರ ಯಾವುದು ಎಂದು ಬೇರ್ಪಡಿಸುವುದು ದುಸ್ತರವಾಯಿತು. ಹಾಗೆಂದು ಆ ಮೂರು ಅಂಕೆಗಳಲ್ಲಿ ಯಾರಾದರೂ ಭಯಪಟ್ಟರೆ? ‘ಭಯ’ ಎಂದು ಹೆಸರಿಟ್ಟ ಪೆಟ್ಟಿಗೆಗೆ ‘ಉಷ್ಣತೆ’ ಎಂದು ಹೆಸರಿಟ್ಟಿದ್ದರೂ ಲೆಕ್ಕ ಅದೇ ರೀತಿ ನಡೆಯುತ್ತಿತ್ತು. ಹೆಸರು ಓದುಗನಿಗೆ ಅರ್ಥವನ್ನು ಕೊಡುತ್ತದೆ, ಯಂತ್ರಕ್ಕೆ ಕೊಡುವುದಿಲ್ಲ.

ಇಲ್ಲಿಗೆ ಪ್ರಶ್ನೆ ತನ್ನ ನಿಜವಾದ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ಯಂತ್ರದಲ್ಲಿ ಭಾವವಿಲ್ಲದಿದ್ದರೂ ಯಂತ್ರದ ಎದುರಿಗಿರುವವನಲ್ಲಿ ಭಾವ ಏಳುತ್ತದೆ. ಇದನ್ನು ಮೊದಲು ಕಂಡು ಬೆಚ್ಚಿದವರು ಜೋಸೆಫ್ ವೈಜ಼ನ್‌ಬಾಮ್. ಅವರು ೧೯೬೬ರಲ್ಲಿ ಪ್ರಕಟಿಸಿದ ಕ್ರಮವಿಧಿಗೆ ಬರ್ನಾರ್ಡ್ ಷಾ ನಾಟಕದ ಹೂಮಾರುವ ಹುಡುಗಿಯ ನೆನಪಿನಲ್ಲಿ ‘ಎಲೈಜ಼’ ಎಂದು ಹೆಸರಿಟ್ಟರು. ಅದರ ಉಪಾಯ ಸರಳ: ಹೇಳಿದವರ ಮಾತಿನಲ್ಲಿ ಒಂದು ಮುಖ್ಯ ಶಬ್ದವನ್ನು ಹಿಡಿದು, ‘ನನ್ನ’ ಎಂಬಲ್ಲಿ ‘ನಿಮ್ಮ’ ಎಂದು ತಿರುಗಿಸಿ, ಪ್ರಶ್ನೆಯಾಗಿ ಮರಳಿಸುವುದು. ‘ನನ್ನ ತಮ್ಮ ನನ್ನೊಡನೆ ಮಾತು ಬಿಟ್ಟಿದ್ದಾನೆ’ ಎಂದರೆ ‘ನಿಮ್ಮ ತಮ್ಮನ ವಿಷಯ ಇನ್ನಷ್ಟು ಹೇಳಿ’ ಎಂಬ ರೀತಿಯ ಉತ್ತರ. ಈ ಗುಟ್ಟನ್ನು ಬಲ್ಲ ಅವರ ಕಾರ್ಯದರ್ಶಿನಿಯೇ ಅದರೊಡನೆ ಕೆಲವು ಮಾತಾಡಿದ ಮೇಲೆ ವೈಜ಼ನ್‌ಬಾಮ್ ಅವರನ್ನು ಕೊಠಡಿಯಿಂದ ಹೊರಗೆ ಹೋಗುವಂತೆ ಕೇಳಿದರಂತೆ. ೧೯೭೬ರ ತಮ್ಮ ಗ್ರಂಥದಲ್ಲಿ ಅವರು ಇದನ್ನು ವರ್ಣಿಸಿ, ಮನುಷ್ಯನಿಗೆ ಮನುಷ್ಯನೇ ಮಾಡತಕ್ಕ ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸಬಾರದೆಂದು ಎಚ್ಚರಿಸಿದರು.

ರಸಮೀಮಾಂಸೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ರಸವು ಎಲ್ಲಿದೆ ಎಂಬುದೇ ಭರತಸೂತ್ರದ ವ್ಯಾಖ್ಯಾನಕಾರರ ದೊಡ್ಡ ವಿವಾದ. ಲೊಲ್ಲಟನು ಅದನ್ನು ಮುಖ್ಯವಾಗಿ ಮೂಲಪಾತ್ರದಲ್ಲಿ ಇಟ್ಟನು. ಶಂಕುಕನು ನಟನಲ್ಲಿ ಪ್ರೇಕ್ಷಕನು ಅದನ್ನು ಅನುಮಾನಿಸುತ್ತಾನೆಂದನು. ಭಟ್ಟನಾಯಕನೂ ಅಭಿನವಗುಪ್ತನೂ ಅದನ್ನು ಸಹೃದಯನ ಅನುಭವದಲ್ಲಿಯೇ ಕಂಡರು. ಈ ದೃಷ್ಟಿಯಿಂದ ನೋಡಿದರೆ ಯಂತ್ರದ ಎಂಜಿನಿಯರು ಶಂಕುಕನ ಶಿಷ್ಯ: ಚಿಹ್ನೆಯಿಂದ ಭಾವವನ್ನು ಅನುಮಾನಿಸುತ್ತಾನೆ, ಅನುಮಾನಿಸುವಂತೆ ಚಿಹ್ನೆಯನ್ನು ಒಡ್ಡುತ್ತಾನೆ. ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವ ಅರಿವು ಸತ್ಯಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ ಎಂಬ ಶಂಕುಕನ ಮಾತು ಎಲೈಜ಼ದ ಮುಂದೆ ಕುಳಿತವರಿಗೂ ಸಲ್ಲುತ್ತದೆ. ಯಂತ್ರವೆಂದು ಅವರಿಗೆ ಗೊತ್ತು. ಆದರೂ ಅವರು ಮಾತಾಡುವುದು ಯಂತ್ರದೊಡನೆ ಅಲ್ಲ.

ಹಾಗಾದರೆ ಯಂತ್ರವನ್ನು ನಟನೆಂದು ಭಾವಿಸಿ ನಿಶ್ಚಿಂತರಾಗಿರಬಹುದಲ್ಲ ಎಂದು ಪೂರ್ವಪಕ್ಷ ಮಾಡಬಹುದು. ನಟನಿಗೂ ರಾಮನ ಶೋಕವಿಲ್ಲ. ಆದರೂ ಪ್ರೇಕ್ಷಕರು ಮೋಸಹೋದೆವೆಂದು ದೂರುವುದಿಲ್ಲ. ೨೦೨೨ರ ಕೊನೆಯಿಂದೀಚೆಗೆ ಜನಸಾಮಾನ್ಯರ ಬಳಕೆಗೆ ಬಂದಿರುವ ಮಾತಾಡುವ ಯಂತ್ರಗಳು ಮನುಷ್ಯರು ಬರೆದ ಅಪಾರ ರಾಶಿಯಿಂದ ಮಾತಿನ ಹದವನ್ನು ಕಲಿತು ಸಾಂತ್ವನವನ್ನು ಹೇಳುವಾಗ, ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ೪ ಅಭಿನಯಗಳಲ್ಲಿ ವಾಚಿಕವು ಅವಕ್ಕೆ ಸಿದ್ಧಿಸಿದೆಯೆಂದು ಒಪ್ಪಲೇಬೇಕು. ಅಭಿನಯದ ಹಿಂದೆ ಅನುಭವವಿರಬೇಕೆಂಬ ನಿರ್ಬಂಧವೇಕೆ?

ಈ ಪೂರ್ವಪಕ್ಷ ಬಲವಾದುದು. ಆದರೆ ನಾಟ್ಯದ ಜೀವಾಳವನ್ನೇ ಅದು ಮರೆತಿದೆ. ರಂಗಸ್ಥಳಕ್ಕೆ ತೆರೆಯುಂಟು, ದೀಪವುಂಟು, ನಾಂದಿಯುಂಟು. ಇವೆಲ್ಲ ಪ್ರೇಕ್ಷಕನನ್ನು ಅವನ ಸ್ವಂತ ಲಾಭನಷ್ಟಗಳಿಂದ ಬಿಡಿಸುತ್ತವೆ. ಎದುರಿನ ಶೋಕ ತನ್ನದೂ ಅಲ್ಲ, ಶತ್ರುವಿನದೂ ಅಲ್ಲ, ಮಿತ್ರನದೂ ಅಲ್ಲ ಎಂಬ ಸಾಧಾರಣೀಕರಣದಿಂದಲೇ ಲೌಕಿಕದಲ್ಲಿ ಸುಡುವ ಶೋಕ ನಾಟ್ಯದಲ್ಲಿ ಕರುಣರಸವಾಗಿ ಆಸ್ವಾದ್ಯವಾಗುತ್ತದೆ. ಗಣಕಯಂತ್ರದ ಮುಂದೆ ಕುಳಿತವನು ಪ್ರೇಕ್ಷಕನಲ್ಲ. ಹೆಂಡತಿ ತೀರಿಹೋದ ಮುದುಕನು ರಾತ್ರಿ ನಿದ್ದೆಬಾರದೆ ಅದರೊಡನೆ ಮಾತಾಡುವಾಗ ಅವನ ಶೋಕ ಅವನದೇ. ಅವನ ರಹಸ್ಯ ಅವನದೇ. ಅವನ ಆಸೆಯೂ ಅವನದೇ. ಒಂದು ಕಡೆ ಅಭಿನಯ, ಮತ್ತೊಂದು ಕಡೆ ಲೌಕಿಕ ಸತ್ಯ. ನಡುವೆ ತೆರೆಯಿಲ್ಲ. ಇದು ನಾಟ್ಯವೂ ಅಲ್ಲ, ಸ್ನೇಹವೂ ಅಲ್ಲ.

ಇದರ ಫಲ ಹೇಗಿರುತ್ತದೆ ಎಂಬುದು ೨೦೨೩ರ ಫೆಬ್ರವರಿಯಲ್ಲಿ ಕಂಡುಬಂತು. ‘ರೆಪ್ಲಿಕಾ’ ಎಂಬ ಯಂತ್ರಸಂಗಾತಿಯು ಇಟಲಿ ದೇಶದ ಪ್ರಜೆಗಳ ಮಾಹಿತಿಯನ್ನು ಬಳಸಕೂಡದೆಂದು ಅಲ್ಲಿಯ ಮಾಹಿತಿರಕ್ಷಣಾಧಿಕಾರಿಗಳು ಆಜ್ಞೆಮಾಡಿದರು. ಅದೇ ಕಾಲದಲ್ಲಿ ಅದನ್ನು ನಡೆಸುವವರು ಯಂತ್ರದ ಶೃಂಗಾರಸಂಭಾಷಣೆಯನ್ನು ಕಡಿದುಹಾಕಿದರು. ನಿನ್ನೆಯವರೆಗೆ ಒಲವಿನಿಂದ ನುಡಿದುದು ಇಂದು ತಣ್ಣಗಾದುದನ್ನು ಕಂಡು ಅನೇಕ ಬಳಕೆದಾರರು ಆಪ್ತರನ್ನು ಕಳೆದುಕೊಂಡವರಂತೆ ದುಃಖಿಸಿದರು. ಅವರನ್ನು ಮೂಢರೆಂದು ನಗುವುದು ಸುಲಭ. ಆದರೆ ಅವರ ದುಃಖದಲ್ಲಿ ಸುಳ್ಳೇನೂ ಇರಲಿಲ್ಲ. ನಾಟಕ ಮುಗಿದಾಗ ಪ್ರೇಕ್ಷಕನು ತೃಪ್ತನಾಗಿ ಏಳುತ್ತಾನೆ. ಇವರು ವಿಯೋಗಿಗಳಾಗಿ ಎದ್ದರು. ರಸಕ್ಕೂ ಲೌಕಿಕಭಾವಕ್ಕೂ ಇರುವ ಅಂತರ ಇದಕ್ಕಿಂತ ಸ್ಪಷ್ಟವಾಗಿ ತೋರಬೇಕಾಗಿಲ್ಲ.

ವೈದ್ಯರ ಅನುಕಂಪೆಯೂ ಒಮ್ಮೊಮ್ಮೆ ವೃತ್ತಿಯ ನಡವಳಿಕೆ ಮಾತ್ರವಲ್ಲವೆ ಎಂದು ಇನ್ನೊಂದು ಆಕ್ಷೇಪ ಬರಬಹುದು. ಬರಬಹುದು, ಆದರೆ ವೈದ್ಯನು ತನ್ನ ಮಾತಿಗೆ ಬಾಧ್ಯನು. ತಪ್ಪು ಹೇಳಿದರೆ ಅವನನ್ನು ಕೇಳುವವರಿದ್ದಾರೆ, ಅವನಿಗೆ ನಾಚಿಕೆಯುಂಟು, ನಾಳೆ ಅದೇ ಬೀದಿಯಲ್ಲಿ ನಡೆಯಬೇಕಾದ ಹಂಗು ಉಂಟು. ‘ನಿಮ್ಮ ನೋವು ನನಗೆ ಅರ್ಥವಾಗುತ್ತದೆ’ ಎಂಬ ಮಾತಿನ ಬೆಲೆ ಆ ಹಂಗಿನಲ್ಲಿದೆ. ಯಂತ್ರ ಆ ಮಾತನ್ನು ಆಡುವಾಗ ಬೆಲೆಯಿಲ್ಲದ ನಾಣ್ಯ ಬೆಲೆಯುಳ್ಳ ನಾಣ್ಯದ ಮುದ್ರೆಯೊಡನೆ ಚಲಾವಣೆಗೆ ಬರುತ್ತದೆ.

ಇಷ್ಟರಿಂದ ಈ ಶಾಸ್ತ್ರವೆಲ್ಲವೂ ತ್ಯಾಜ್ಯವೆಂದು ತಿಳಿಯಬಾರದು. ಪಿಕಾರ್ಡ್ ಅವರ ಬೆವರಿನ ಅಳತೆಯೇ ಇದಕ್ಕೆ ಸಾಕ್ಷಿ. ಭಾವವನ್ನು ಹುಡುಕಹೊರಟ ಆ ಸಂಶೋಧನೆ ಅಪಸ್ಮಾರದ ಸೆಳವನ್ನು ಗುರುತಿಸಿ ಮನೆಯವರನ್ನು ಎಚ್ಚರಿಸುವ ಕೈಪಟ್ಟಿಗೆ ದಾರಿಮಾಡಿತು. ೨೦೧೮ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದಕ್ಕೆ ಅನುಮತಿ ಕೊಟ್ಟಿತು. ಅಲ್ಲಿ ಬೆವರು ದೇಹದ ಚಿಹ್ನೆಯಾಗಿಯೇ ಉಳಿಯಿತು. ಮನಸ್ಸಿನ ಸಾಕ್ಷಿಯೆಂದು ನಟಿಸಲಿಲ್ಲ. ಯಂತ್ರವು ಅಳೆಯಲಿ, ಆಟವೆಂದು ತಿಳಿಸಿ ಆಟದಲ್ಲಿ ಅಭಿನಯಿಸಲಿ, ಮನುಷ್ಯನ ಅಂತರಂಗಕ್ಕೆ ನ್ಯಾಯಾಧೀಶನಾಗುವುದೂ, ತೆರೆಯಿಲ್ಲದೆ ಆಪ್ತನಾಗುವುದೂ ಬೇಡ. ಇವುಗಳಲ್ಲಿ ಮೊದಲನೆಯ ನಿಷೇಧ ಈಗ ಶಾಸನದ ರೂಪವನ್ನೂ ಪಡೆದಿದೆ. ಯೂರೋಪಿನ ಒಕ್ಕೂಟ ೨೦೨೪ರಲ್ಲಿ ಮಾಡಿದ ಕಾನೂನಿನ ಮೇರೆಗೆ, ಚಿಕಿತ್ಸೆ ಅಥವಾ ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಕೆಲಸದ ಸ್ಥಳಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ದೇಹದ ಚಿಹ್ನೆಗಳಿಂದ ಜನರ ಭಾವವನ್ನು ಊಹಿಸುವ ಯಂತ್ರಗಳಿಗೆ ೨೦೨೫ರ ಫೆಬ್ರವರಿ ೨ರಿಂದ ಅವಕಾಶವಿಲ್ಲ. ಎರಡನೆಯದಕ್ಕೆ ಶಾಸನ ಸಾಲದು. ಭಾಷೆಯನ್ನೂ ಭಾವವನ್ನೂ ಬೇರ್ಪಡಿಸಿ ನೋಡಬಲ್ಲ ಜನರ ರಸಿಕತೆ ಬೇಕು.

ಪಿಕಾರ್ಡ್ ಅವರ ಗ್ರಂಥ ಬುದ್ಧಿಗೆ ಭಾವದ ನೆರವು ಬೇಕೆಂದು ಸಾಧಿಸಿದ ಮಟ್ಟಿಗೆ ಚಿರಕಾಲ ಗೌರವಾರ್ಹವಾದುದು. ಅನುಭಾವವನ್ನು ಕೂಡಿಸುತ್ತ ಹೋದರೆ ಭಾವ ದೊರೆಯುತ್ತದೆಂಬ ಅದರ ಆಶೆಯಲ್ಲಿ ದೌರ್ಬಲ್ಯವಿದೆ. ಅಂಥ ಯಂತ್ರ ದಿನದಿನಕ್ಕೂ ಹೆಚ್ಚು ಮಧುರವಾಗಿ ಮಾತಾಡುತ್ತಿರುವಾಗ, ಆ ಮಾಧುರ್ಯ ಎಲ್ಲಿ ಹುಟ್ಟುತ್ತಿದೆ ಎಂದು ವಿಚಾರಿಸುವ ಹೊಣೆ ಕಾವ್ಯವಿಮರ್ಶಕರ ಮೇಲೆಯೂ ಇದೆ. ರಸಮೀಮಾಂಸೆಯ ಉತ್ತರ ನಿಸ್ಸಂದಿಗ್ಧವಾದುದು: ಅದು ಹುಟ್ಟುವುದು ಕೇಳುವವನ ಹೃದಯದಲ್ಲಿ. ಆದುದರಿಂದ ರಕ್ಷಣೆ ಬೇಕಾದುದೂ ಅದಕ್ಕೇ.